ಹೊನ್ನಿನ ಹಂಡೆಗೆ ಬೇಕಾದದ್ದು

"ಕೇಳಿರಪ್ಪೋ ಕೇಳಿ! ರಾಜಕುಮಾರಿ ಚಂದಲೆಯ ಮೂರು ಒಗಟು ಬಿಡಿಸಿದವನಿಗೆ ಅವಳ ಕೈ, ಅರ್ಧ ರಾಜ್ಯ. ತಪ್ಪಿದವನ ತಲೆ ಹುಣ್ಣಿಮೆಯ ದಿನ ಕತ್ತಿಗೆ!"

ಹೊಂಗೆಪುರದ ಡಂಗುರ ಊರೂರು ಸುತ್ತಿತು. ಒಗಟುಗಳು ಚಂದಲೆಯವು, ಮದುವೆಯನ್ನೂ ಕತ್ತಿಯನ್ನೂ ಸೇರಿಸಿದವನು ಅವಳಪ್ಪ. ಪಾಪ, ಅವಳಿಗೆ ಬೇಕಾಗಿದ್ದುದು ಗಂಡನಲ್ಲ, ಗೊಬ್ಬರ. ತೀರಿಕೊಂಡ ತಾಯಿ ನೆಟ್ಟ ಮಲ್ಲಿಗೆ ಬಳ್ಳಿ ಸೊರಗುತ್ತಿತ್ತು. ತಾಯಿ ಗೊಬ್ಬರ ಮಾಡುವಾಗ ಚಂದಲೆ ಅರ್ಧ ನೋಡಿದ್ದಳು, ಅರ್ಧ ಆಟವಾಡಿದ್ದಳು. ಈಗ ನೆನಪಿದ್ದಷ್ಟು ಮಾಡಿದರೆ ಕೆಟ್ಟ ನಾತ. ರಾಜಕುಮಾರಿ ಸಿಪ್ಪೆಯ ಮಾತೆತ್ತಬಾರದೆಂದು ಅರಮನೆಯ ಕಟ್ಟಳೆ. ಹಾಗಾಗಿ ಗೊಬ್ಬರ ಬಲ್ಲವರು ಸಿಗಲೆಂದು ಒಗಟು ಕಟ್ಟಿದಳು.

"ಒಲೆಯಿಲ್ಲ, ಬೆಂಕಿಯಿಲ್ಲ. ಒಳಗೊಳಗೇ ಬೇಯುತ್ತದೆ, ಕೈಯಿಟ್ಟರೆ ಸುಡುತ್ತದೆ. ಏನದು?"

"ನಿನ್ನ ನೆನೆದ ನನ್ನೆದೆ," ಎಂದ ಒಬ್ಬ ರಾಜಕುಮಾರ, ಮೀಸೆ ತಿರುವುತ್ತ. ಪಂಡಿತನೊಬ್ಬ ಎರಡು ದಿನ ಗ್ರಂಥ ತಿರುವಿಹಾಕಿ, "ಜ್ವರ" ಎಂದ. ಹೀಗೆ ಹನ್ನೊಂದು ಜನ ಸೆರೆಮನೆ ಸೇರಿದರು. ಚಂದಲೆ ದಿನವೂ ಅವರಿಗೆ ಮೊಸರನ್ನ ಕಳಿಸುತ್ತಿದ್ದಳು. ತನಗೆ ಮಾತ್ರ ತುತ್ತು ಇಳಿಯುತ್ತಿರಲಿಲ್ಲ.

ಹುಣ್ಣಿಮೆಗೆ ಹತ್ತು ದಿನವಿದ್ದಾಗ ತಿಪ್ಪ ಬಂದ. ಅರಮನೆಯ ಅಡುಗೆಮನೆಯ ಸಿಪ್ಪೆ ಹೊರುವವನು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಇವನಾದರೂ ಉಳಿಯಲೆಂದು ತಿಪ್ಪೆಯ ಮೇಲೆ ಹೊರಳಿಸಿ ಆ ಹೆಸರಿಟ್ಟಿದ್ದರು. ಆಸ್ಥಾನದವರು ಮೂಗು ಮುಚ್ಚಿಕೊಂಡು ನಕ್ಕರು.

"ಹಿಂದಕ್ಕೆ ಹೋಗಪ್ಪ, ನಿನ್ನ ತಲೆಯ ಭಾರವೂ ನನಗೆ ಬೇಡ," ಎಂದಳು ಚಂದಲೆ.

"ನಮ್ಮವ್ವಾನೂ ಹಂಗೇ ಅಂದ್ಲು, ಅಮ್ಮಣ್ಣಿ. ಕೇಳ್ಬುಡಿ."

ಕೇಳಿದಳು. "ಒಲೆಯಿಲ್ದೆ ಬೇಯೋದು ಗೊಬ್ಬರದ ಗುಡ್ಡೆ," ಎಂದ ತಿಪ್ಪ. ಚಂದಲೆ ಸಿಂಹಾಸನದ ಅಂಚಿಗೆ ಸರಿದಳು.

"ಕಣ್ಣಿಲ್ಲ, ಕಾಲಿಲ್ಲ, ನೇಗಿಲಿಲ್ಲ. ಆದರೂ ಹಗಲಿರುಳು ಉಳುವವರು ಯಾರು?"

"ಎರೆಹುಳ. ನಮ್ಮ ಹಿತ್ತಲ ತುಂಬ ಅವೇ."

ಮೂರನೆಯದರ ಉತ್ತರ ಅವಳಿಗೂ ಗೊತ್ತಿರಲಿಲ್ಲ. "ಹೊನ್ನಿನ ಹಂಡೆಗೆ ದಿನವೂ ಉಣಿಸುತ್ತೇನೆ. ಗಾಳಿ ತಾಗದಂತೆ ಮುಚ್ಚುತ್ತೇನೆ. ಆದರೂ ನಾರುತ್ತದೆ. ಅದಕ್ಕೆ ಏನು ಬೇಕು?"

ಚಂದಲೆ ಗುಟ್ಟಾಗಿ ಗೊಬ್ಬರ ಮಾಡುತ್ತಿದ್ದ ಆ ಹಂಡೆಯನ್ನು ತರಿಸಿ ತಿಪ್ಪ ಮುಚ್ಚಳ ತೆಗೆದ. ಮಂತ್ರಿ ಕಿಟಕಿಯತ್ತ ಓಡಿದ. "ಬರೀ ಹಸಿ ಸಿಪ್ಪೆ ಹಾಕಿದ್ದೀರಿ. ಇದಕ್ಕೆ ಉಸಿರು ಕಟ್ಟೈತೆ. ಹಸಿ ಒಂದು ಪಾಲು, ತರಗೆಲೆ ಎರಡು ಪಾಲು ಬೇಕು. ಆಗಾಗ ತಿರುವಿ ಗಾಳಿ ಆಡಿಸ್ಬೇಕು," ಎಂದ ತಿಪ್ಪ.

ತರಗೆಲೆ ಎಲ್ಲಿಂದ ತರುವುದು? ರಾಜಮನೆತನದವರ ಕಣ್ಣಿಗೆ ಒಣಗಿದ ಎಲೆ ಬೀಳಬಾರದೆಂದು ನಲವತ್ತು ಆಳುಗಳು ಬೆಳಗಾಗುವ ಮೊದಲೇ ಗುಡಿಸಿ ಸುಡುತ್ತಿದ್ದರು. ಚಂದಲೆಗೆ ಥಟ್ಟನೆ ತಾಯಿಯ ಸೆರಗು ನೆನಪಾಯಿತು. ಆಳುಗಳಿಗಿಂತ ಮುಂಚೆ ಎದ್ದು ಆಕೆ ಮಡಿಲ ತುಂಬ ತರುತ್ತಿದ್ದುದು ಅದೇ ಎಲೆಗಳನ್ನು. ಅವಳ ಕಣ್ಣು ತುಂಬಿತು.

ಅರಸ ಮಾತ್ರ ಬಗ್ಗಲಿಲ್ಲ. "ಇದು ಸರಿಯೋ ತಪ್ಪೋ ಗುಡ್ಡೆಯೇ ಹೇಳಲಿ. ಹುಣ್ಣಿಮೆಯವರೆಗೆ ಕಾಯುತ್ತೇನೆ. ಬಿಸಿಯಾಗದಿದ್ದರೆ ಹನ್ನೆರಡು ತಲೆ."

ತಿಪ್ಪನೂ ಚಂದಲೆಯೂ ಆಳುಗಳಿಗಿಂತ ಮುಂಚೆ ಎದ್ದು ತರಗೆಲೆ ಆಯ್ದು, ಹಿತ್ತಲಲ್ಲಿ ಸಿಪ್ಪೆ, ಎಲೆ ಬೆರೆಸಿ ಗುಡ್ಡೆ ಹಾಕಿದರು. ಅವಳು ಉಗುರಿಗೆ ಕೊಳೆ ಮಾಡಿಕೊಂಡು ಸಲಿಕೆ ಹಿಡಿಯುವುದನ್ನು ಕಲಿತಳು. "ತಿಪ್ಪ, ಭಯವಿಲ್ಲವೇ?" ಎಂದು ಒಮ್ಮೆ ಕೇಳಿದಳು. "ಐತೆ. ಆದ್ರೂ ಗುಡ್ಡೆಗೆ ಅವಸರ ಮಾಡಕ್ಕಾಗಲ್ಲ," ಎಂದ.

ಹುಣ್ಣಿಮೆಯ ಬೆಳಿಗ್ಗೆ ಕಟುಕ ಕತ್ತಿ ಹಿಡಿದು ನಿಂತ. ಅರಸ ಅಂಗಿಯ ತೋಳು ಮಡಚಿ ಗುಡ್ಡೆಯೊಳಗೆ ಕೈ ತೂರಿಸಿದ, ಹೌಹಾರಿ ಹಿಂದಕ್ಕೆಳೆದುಕೊಂಡ. ಆಮೇಲೆ ಬೆರಳು ಮೂಸಿದ. ನಾತವಿರಲಿಲ್ಲ, ಒಳ್ಳೆಯ ಮಣ್ಣಿನ ವಾಸನೆ. ಹೆಂಡತಿಯ ಕೈಗೂ ಇದೇ ವಾಸನೆಯಿತ್ತೆಂದು ನೆನಪಾಗಿ ಮುದುಕ ಅತ್ತುಬಿಟ್ಟ. ಸೆರೆಮನೆಯ ಬಾಗಿಲು ತೆರೆಯಿತು. ಅಂದಿನಿಂದ ಅರಮನೆಯಲ್ಲಿ ಯಾರೂ ಎಲೆ ಸುಡಲಿಲ್ಲ.

ಅರ್ಧ ರಾಜ್ಯದ ಮಾತು ಬಂದಾಗ ತಿಪ್ಪ, "ಮೊದ್ಲು ಬಳ್ಳಿ ಹೂ ಬಿಡ್ಲಿ," ಎಂದ. ಆರು ತಿಂಗಳಿಗೆ ಬಳ್ಳಿ ಮೈತುಂಬ ಬಿರಿಯಿತು. ಚಂದಲೆ ತಾನೇ ಮೊಗ್ಗು ಬಿಡಿಸಿ, ತಾನೇ ಮಾಲೆ ಕಟ್ಟಿ, ಕತ್ತಿ ಬೀಳಬೇಕಿದ್ದ ಆ ಕೊರಳಿಗೆ ಹಾಕಿದಳು.

ಅವರ ಗುಡ್ಡೆ ಅಲ್ಲಿ ಬಿಸಿಯಾಗಿದೆ. ನಮ್ಮ ಮನೆಯ ಸಿಪ್ಪೆ ಇಲ್ಲಿ ತರಗೆಲೆಗಾಗಿ ಕಾಯುತ್ತಿದೆ.