ಹೆಪ್ಪಿಗೆ ಹಾಕಿದ ಬೇಲಿ

ತುಂಗಭದ್ರೆಯ ದಂಡೆಯಲ್ಲಿ, ದೊಡ್ಡದೊಂದು ಬಂಡೆಯ ನೆರಳಿನಲ್ಲಿ, ಒಂದು ಆಶ್ರಮವಿತ್ತು. ಅಲ್ಲಿನ ಗುರುವನ್ನು ಜನ ಬಂಡೆಯಜ್ಜ ಎನ್ನುತ್ತಿದ್ದರು. ನಿಜವಾದ ಹೆಸರೇನೆಂದು ಕೇಳಿದರೆ ಅಜ್ಜನೂ ಸ್ವಲ್ಪ ಯೋಚಿಸಬೇಕಾಗುತ್ತಿತ್ತು.

ಅಜ್ಜನಿಗೆ ಇಬ್ಬರು ಶಿಷ್ಯರು. ಮೊದಲು ಬಂದವನು ನಾಗಿದೇವ. ರಾಜಧಾನಿ ಸುಟ್ಟುಹೋದಾಗ ಅರಮನೆಯ ಚಾಕರಿ ಕಳೆದುಕೊಂಡು ಬಂದವನು. ಆಮೇಲೆ ಬಂದವನು ಬೊಮ್ಮಣ್ಣ, ಹೊಳೆಯಾಚೆಯ ಹರಿಗೋಲಿನವರ ಪೈಕಿ. ಹೊಳೆಯಾಚೆ ಈಗ ಸುಲ್ತಾನನ ಸೀಮೆ.

ನಾಗಿದೇವನದು ದಿನಾ ಒಂದೇ ಪ್ರಶ್ನೆ.

"ಅಜ್ಜಾರ, ಅಷ್ಟು ದೊಡ್ಡ ಸಾಮ್ರಾಜ್ಯ ಯಾಕ ಬಿತ್ರಿ?"

"ಹಾಲು ಕಾಸಿದಿಯೇನು?" ಎನ್ನುತ್ತಿದ್ದರು ಅಜ್ಜ.

ಹಾಲು ಕಾಸಿ ಹೆಪ್ಪು ಹಾಕುವುದು ನಾಗಿದೇವನ ಕೆಲಸ. ಆಶ್ರಮದ ಮೊಸರಿಗೆ ಸುತ್ತಲೂ ಹೆಸರಿತ್ತು. ಮನೆಯಲ್ಲಿ ಮೊಸರು ಕೆಟ್ಟಾಗ ಎರಡೂ ದಂಡೆಯ ಹೆಂಗಸರು ಬಟ್ಟಲು ಹಿಡಿದು ಬರುತ್ತಿದ್ದರು. ಹೆಪ್ಪು ಕೇಳಿದವರಿಗೆ ಇಲ್ಲ ಎನ್ನುವ ಪದ್ಧತಿ ಆ ಸೀಮೆಯಲ್ಲಿ ಇರಲಿಲ್ಲ.

ಒಂದು ದಿನ ಊಟಕ್ಕೆ ಕೂತಾಗ ಅಜ್ಜ ಬೊಮ್ಮಣ್ಣನ ಕಡೆ ತಿರುಗಿದರು.

"ಮೊಸರು ನೀ ಬಡಸಪಾ. ನಿನ್ನ ಕೈಲೆ ಬಡಿಸಿದ್ರ ಇನ್ನಷ್ಟು ರುಚಿ."

ಅಷ್ಟು ಸಾಕಾಯಿತು. ನಾಗಿದೇವನ ಹೊಟ್ಟೆಗೆ ಬೆಂಕಿ ಬಿತ್ತು. ಹೊಗೆಯಲ್ಲಿ ಕಣ್ಣು ಉರಿಸಿಕೊಂಡು ಹಾಲು ಕಾಸಿದವನು ತಾನು, ರುಚಿ ಮಾತ್ರ ನಿನ್ನೆ ಮೊನ್ನೆ ಬಂದವನ ಕೈಯದಂತೆ! ಅವತ್ತು ಅವನು ಮೊಸರನ್ನ ಮುಟ್ಟಲಿಲ್ಲ. ಹಸಿವಿಲ್ಲ ಎಂದ. ಹಸಿವು ಚೆನ್ನಾಗಿಯೇ ಇತ್ತು.

ಅದೇ ಹೊತ್ತಿಗೆ ಒಂದು ಸುದ್ದಿ ಬಂತು. ಹತ್ತಿರದ ಕೋಟೆಯ ಪಾಳೆಗಾರ ಜಡೆಯಪ್ಪನಾಯಕ ತನ್ನದೇ ರಾಜ್ಯ ಕಟ್ಟಲು ಹೊರಟಿದ್ದಾನೆ. ಅವನಿಗೊಬ್ಬ ಮಂತ್ರಿ ಬೇಕು. ಹುಣ್ಣಿಮೆಯ ದಿನ ಬಂದು ಬಂಡೆಯಜ್ಜನ ಶಿಷ್ಯರಲ್ಲಿ ಒಬ್ಬನನ್ನು ಕೇಳಿ ಕರೆದೊಯ್ಯುತ್ತಾನೆ.

ಅರಮನೆ ಕಂಡವನು ನಾನೊಬ್ಬನೇ, ನನ್ನನ್ನು ಬಿಟ್ಟು ಇನ್ಯಾರು ಎಂದುಕೊಂಡ ನಾಗಿದೇವ. ಮರುಗಳಿಗೆಗೆ ಅಜ್ಜ ಬೊಮ್ಮಣ್ಣನತ್ತ ಬೆರಳು ತೋರಿಸಿದ ಹಾಗೆ ಕಣ್ಣಿಗೆ ಕಟ್ಟಿತು. ಆಮೇಲೆ ಅವನಿಗೆ ನೆಮ್ಮದಿಯಿಲ್ಲ. ರಾಜ್ಯ ನಡೆಸುವುದು ಎಂದರೇನು ಎಂದು ಅಜ್ಜನಿಗೆ ತೋರಿಸಿಬಿಡಬೇಕು.

"ಅಜ್ಜಾರ, ನಮ್ಮ ಆಶ್ರಮಕ್ಕ ಗಡಿ ಅನ್ನೋದ ಇಲ್ಲ. ಕಂಡಕಂಡವರು ಬರ್ತಾರ, ಹೋಗ್ತಾರ. ರಾಜಧಾನಿ ಹಾಳಾಗಿದ್ದೂ ಹಿಂಗ."

"ಏನ್ ಮಾಡಬೇಕಂತಿ?"

"ಬೇಲಿ ಹಾಕತೀನ್ರಿ."

"ಹಾಕು."

ಅಜ್ಜ ಇಷ್ಟು ಸುಲಭಕ್ಕೆ ಒಪ್ಪಿದ್ದು ನಾಗಿದೇವನಿಗೆ ಹಿಡಿಸಲಿಲ್ಲ. ವಾದಕ್ಕೆಂದು ಅವನು ಬಹಳಷ್ಟು ಸಿದ್ಧಮಾಡಿಕೊಂಡಿದ್ದ.

ಜಾಲಿಮುಳ್ಳಿನ ಬೇಲಿ ಎದ್ದಿತು. ಅದಕ್ಕೊಂದು ಬಾಗಿಲು. ಬಾಗಿಲಲ್ಲಿ ನಾಗಿದೇವ.

"ಯಾವ ದಂಡಿಯವರು?" ಎಂದು ಬಟ್ಟಲು ಹಿಡಿದು ಬಂದವರನ್ನು ಕೇಳುತ್ತಿದ್ದ.

ಹೊಳೆಯಾಚೆಯವರಿಗೆ ಹೆಪ್ಪಿಲ್ಲ ಎಂದು ಮೊದಲು ಕಟ್ಟಳೆಯಾಯಿತು. ಆಮೇಲೆ ಈ ದಂಡೆಯವರಲ್ಲೂ ಬೊಮ್ಮಣ್ಣನ ಜೊತೆ ಮಾತಾಡುವವರಿಗೆ ಇಲ್ಲ ಎಂದಾಯಿತು. ಕಟ್ಟಳೆ ಕೇಳಿ ನಕ್ಕವರಿಗೂ ಇಲ್ಲ. ಕೊನೆಗೆ ಹೆಪ್ಪಿನ ಕುಡಿಕೆಯನ್ನು ತಾನು ಮಲಗುವ ಜಾಗದ ಮೇಲೆ ನೆಲುವಿನಲ್ಲಿ ತೂಗುಹಾಕಿದ. ಬೊಮ್ಮಣ್ಣ ಅದನ್ನು ಮುಟ್ಟಕೂಡದು.

ಬೊಮ್ಮಣ್ಣ ಎಂದಿನಂತೆ ತನ್ನ ಕೆಲಸ ಮಾಡಿಕೊಂಡಿದ್ದ. ಜಗಳಕ್ಕಾದರೂ ಬರಬಾರದೇ ಎಂದು ನಾಗಿದೇವನಿಗೆ ಮತ್ತಷ್ಟು ಉರಿಯಿತು.

"ಅಜ್ಜಾರ, ಅವ ನನ್ನ ಕೇಳದೇ ಗಡಿ ದಾಟಿ ಹೊಳಿಗೆ ಹೋಗತಾನ್ರಿ."

"ನಾನೂ ಹೋಗತೀನಿ, ಸ್ನಾನಕ್ಕ. ನಿನ್ನ ಕೇಳಿ ಹೋಗಬೇಕೇನು?"

ನಾಗಿದೇವ ತುಸು ಯೋಚಿಸಿದ. "ತಾವು ಕೇಳೋದು ಬ್ಯಾಡ್ರಿ" ಎಂದ.

ಅವನು ಯೋಚಿಸಿದ್ದನ್ನು ಅಜ್ಜ ನೋಡಿದರು.

ಹುಣ್ಣಿಮೆ ಹತ್ತಿರ ಬಂತು. ಒಂದು ಸಂಜೆ ನಾಗಿದೇವ ಕಾಸಿದ ಹಾಲನ್ನು ಆಗಷ್ಟೇ ಒಲೆಯಿಂದ ಇಳಿಸಿದ್ದ. ಹೊರಗೆ ಅಜ್ಜ ಮತ್ತು ಬೊಮ್ಮಣ್ಣ ನಗುವುದು ಕೇಳಿಸಿತು. ಏನು ನಗು ಅದು? ನನ್ನ ವಿಷಯವೇ? ನಾಯಕನ ವಿಷಯವೇ? ಅವನ ಕಿವಿ ಬಾಗಿಲಿಗೆ ಅಂಟಿತು. ಹಾಲು ಉಗುರುಬೆಚ್ಚಗಾಗುವ ತನಕ ಕಾಯಬೇಕು ಎಂಬುದೇ ಮರೆತುಹೋಯಿತು. ಕುದಿಕುದಿಯುವ ಹಾಲಿಗೆ ಕುಡಿಕೆಯಲ್ಲಿದ್ದ ಹೆಪ್ಪನ್ನೆಲ್ಲ ಸುರಿದುಬಿಟ್ಟ.

ಬೆಳಿಗ್ಗೆ ನೋಡಿದರೆ ಹಾಲು ಒಡೆದು ಒಂದು ಕಡೆ ನೀರು, ಒಂದು ಕಡೆ ಗಟ್ಟಿ. ಕುಡಿಕೆ ಖಾಲಿ.

ಮರುದಿನ ನಾಯಕ ಬರುವವನು. ಆಶ್ರಮಕ್ಕೆ ಬಂದವರ ಕೈಗೆ ಮೊದಲು ಮಜ್ಜಿಗೆ ಕೊಡುವುದು ಅಲ್ಲಿನ ರೀತಿ. ನಾಗಿದೇವ ತನ್ನ ಬೇಲಿ ದಾಟಿ ಓಡಿದ.

ಈ ದಂಡೆಯ ಕೇರಿಯಲ್ಲಿ ಮೊದಲ ಮನೆಯ ಹೆಂಗಸು ಇಲ್ಲವೆಂದು ಕೈಯಲ್ಲಾಡಿಸಿದಳು. "ನಮ್ಮದೂ ಕೆಟ್ಟೈತ್ರಿ. ನೀವು ಕೊಡಲಿಲ್ಲ, ನಾವು ಹಾಕಲಿಲ್ಲ. ಹುಡುಗರು ಬರೇ ಹಾಲು ಕುಡ್ಯಾಕತ್ಯಾರ."

ಪಕ್ಕದ ಮನೆಗಳಲ್ಲೂ ಅದೇ ಮಾತು. ಕೊನೆಯ ಮನೆಯಾಕೆ ಹೊಳೆಯ ಕಡೆ ಗದ್ದ ಎತ್ತಿ ತೋರಿಸಿದಳು. "ಹಂಪವ್ವನ ಮನ್ಯಾಗ ಐತಂತ ನೋಡ್ರಿ. ಆಚೀ ದಂಡ್ಯಾಗ."

ಹರಿಗೋಲು ಹತ್ತಿದ. ಯಾವ ದಂಡೆಯವನು ಎಂದು ಕೇಳಿದರೆ ಏನು ಹೇಳುವುದು ಎಂದು ದಾರಿಯುದ್ದಕ್ಕೂ ಯೋಚಿಸಿದ.

ಹಂಪವ್ವ ಮುದುಕಿ. ಹೊಸ್ತಿಲಲ್ಲಿ ಕೂತು ಬಲೆಗೆ ಗಂಟು ಹಾಕುತ್ತಿದ್ದಳು. ಅವಳು ಕೇಳುವ ಮೊದಲೇ ನಾಗಿದೇವ ಹೇಳಿಬಿಟ್ಟ.

"ನಾ ಆ ದಂಡಿಯವ."

"ಬಟ್ಟಲ ತಂದೀಯೇನಪಾ?" ಎಂದು ಕೇಳಿದಳು ಹಂಪವ್ವ.

ಅವನು ತಂದಿರಲಿಲ್ಲ. ಅವಳು ತನ್ನದೇ ಬಟ್ಟಲಲ್ಲಿ ಹೆಪ್ಪು ಹಾಕಿ ಕೊಟ್ಟಳು.

"ನಿಮ್ಮ ಅಜ್ಜಂದ ಇದು. ಬೇಲಿ ಏಳೋ ಮುಂಚೆ ಬೊಮ್ಮ ತಂದುಕೊಟ್ಟಿದ್ದ."

ಇಲ್ಲೂ ಬೊಮ್ಮಣ್ಣನೇ! ಬಟ್ಟಲನ್ನು ಹೊಳೆಗೆ ಎಸೆದುಬಿಡಲೇ ಎನಿಸಿತು ನಾಗಿದೇವನಿಗೆ. ಎಸೆಯಲಿಲ್ಲ. ಈಚೆ ದಂಡೆ ಮುಟ್ಟುವ ತನಕ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ.

ಮರುದಿನ ಜಡೆಯಪ್ಪನಾಯಕ ಬಂದ. ಮಜ್ಜಿಗೆ ಕುಡಿದ. ಮೀಸೆ ಒರೆಸಿಕೊಂಡು ಅಜ್ಜನ ಮುಂದೆ ಕೂತ.

"ಅಜ್ಜಾರ, ಅಷ್ಟು ದೊಡ್ಡ ರಾಜಧಾನಿ ಸುಟ್ಟಿತು. ಜನ ಮಾತ್ರ ಮಳಿ ಬಂದ ಕೂಡಲೇ ಬಿತ್ತಾಕ ಹೋದ್ರು. ಲಗ್ನ ಮಾಡಿದ್ರು, ತೊಟ್ಟಿಲ ಕಟ್ಟಿದ್ರು. ರಾಜ ಎಲ್ಲಿ ಅಂತ ಕೇಳಿದವರಿಲ್ಲ. ಹಿಂಗಾದ್ರ ಜನಕ್ಕ ರಾಜ್ಯ ಬೇಕೋ ಬ್ಯಾಡೋ?"

ಅಜ್ಜ ನಾಗಿದೇವನನ್ನು ನೋಡಿದರು. "ನಿನ್ನೆ ಹೊಳಿ ದಾಟಿದ್ಯಲ್ಲ. ನಿನ್ನ ರಾಜ ಯಾರು ಅಂತ ಹಂಪವ್ವ ಕೇಳಿದಳೇನು?"

"ಇಲ್ರಿ."

"ಹಂಗಾರ ರಾಜ್ಯ ಬ್ಯಾಡ."

ನಾಯಕನ ಮುಖ ಸಪ್ಪಗಾಯಿತು. ನಾಗಿದೇವನಿಗೆ ಸುಮ್ಮನಿರಲಾಗಲಿಲ್ಲ.

"ಬ್ಯಾಡ ಅನ್ನಾಕ ಆಗಲ್ರಿ ಅಜ್ಜಾರ. ಹೊಳಿ ದಾಟೋ ಕಡವಿನಾಗ ಕಳ್ಳರು ಕೂತಿದ್ರ ನಾ ಆಕಿ ಮನಿ ಮುಟ್ಟತಿರಲಿಲ್ಲ. ದಾರಿ ಕಾಯಾಕ ಒಬ್ಬ ಬೇಕಾಗತಾನ."

"ಖರೇ. ಕಾಯಾಕ ನಿಂತವ ಹೊಳಿನೇ ನಂದು ಅಂದ್ರ?"

ನಾಗಿದೇವನ ಎದುರಿಗೇ ಜಾಲಿಮುಳ್ಳಿನ ಬೇಲಿ ಇತ್ತು. ಅವನು ತಲೆ ತಗ್ಗಿಸಿದ.

ನಾಯಕ ಎದ್ದು ಕೈಮುಗಿದ. "ಯಾರನ್ನ ಕೊಡತೀರಿ ಅಜ್ಜಾರ?"

ಬೊಮ್ಮಣ್ಣ ಆಚೆ ಬಟ್ಟಲು ತೊಳೆಯುತ್ತಿದ್ದ. ನಾಗಿದೇವ ಅವನತ್ತ ನೋಡಿದ. ಬೊಮ್ಮಣ್ಣನ ಹೆಸರು ಬಂದರೆ ತಾನು ಸತ್ತಂತೆಯೇ. ತನ್ನ ಹೆಸರೇ ಬಂದರೆ? ಬೊಮ್ಮಣ್ಣ ಇಲ್ಲೇ ಅಜ್ಜನ ಪಕ್ಕದಲ್ಲಿ ಉಳಿಯುತ್ತಾನೆ, ದಿನಾ ಮೊಸರು ಬಡಿಸುತ್ತಾನೆ. ಆ ಯೋಚನೆ ಬಂದದ್ದು ಈಗಲೇ. ಎರಡರಲ್ಲಿ ಯಾವುದು ಹೆಚ್ಚು ಉರಿಯುತ್ತದೆ ಎಂದು ಅವನಿಗೇ ತಿಳಿಯಲಿಲ್ಲ.

"ನಾಗಿದೇವನ್ನ ಕರಕೊಂಡು ಹೋಗು" ಎಂದರು ಅಜ್ಜ.

ನಾಯಕ ಅನುಮಾನಿಸಿದ. "ಎರಡೂ ದಂಡಿಯ ಜನ ಬೊಮ್ಮಣ್ಣನ ಹೆಸರು ಹೇಳತಾರಲ್ರಿ?"

"ಬೊಮ್ಮಣ್ಣ ಒಳ್ಳೇವನ. ಆದ್ರ ರಾಜ್ಯ ಹೆಂಗ ಮುಳಗತೈತಿ ಅನ್ನೋದು ಅವಗ ಗೊತ್ತಿಲ್ಲ. ಇವ ನನ್ನ ಅಂಗಳದಾಗ ಒಂದು ರಾಜ್ಯ ಕಟ್ಟಿ, ಒಂದು ಗಡಿಗಿ ಹಾಲಿನಾಗ ಮುಳುಗಿಸ್ಯಾನ."