ಹೊಳೆ ಕಡೆಯ ಬಾಗಿಲು

ಹೊಳೆದಂಡೆಯ ಒಂದು ಸಣ್ಣ ಊರಿನ ಚರ್ಚಿನಲ್ಲಿ ಯಾಕೋಬಯ್ಯ ಎಂಬವರು ಬಹಳ ವರ್ಷಗಳಿಂದ ಉಪದೇಶಿಯಾಗಿದ್ದರು. ಅವರ ಹತ್ತಿರ ಸತ್ಯವೇದ ಕಲಿಯಲು ದೇವರತ್ನ ಎಂಬ ಯುವಕ ಬಂದು ಸೇರಿದ್ದ.

ಅವನು ಬರುವ ಹೊತ್ತಿಗೆ ಚರ್ಚಿನ ಪಕ್ಕದ ಹಾಲ್ ಇರಲಿಲ್ಲ. ಗೋಡೆ ವಾಲಿದೆ ಎಂದು ಹಿಂದಿನ ಬೇಸಿಗೆಯಲ್ಲಿ ಕೆಡವಿದ್ದರು. ಕೆಂಪು ಗಾರೆಯ ನೆಲವೊಂದು ಉಳಿದಿತ್ತು. ಅದರ ಮೇಲೆ ಹುಲ್ಲು ಬೆಳೆಯತೊಡಗಿತ್ತು.

ಸಭೆಯ ಹಿರಿಯರು ಅಲ್ಲೊಂದು ನೆನಪಿನ ಕಲ್ಲು ನಿಲ್ಲಿಸಬೇಕೆಂದುಕೊಂಡರು. ಕಲ್ಲಿನ ಮೇಲೆ ಹಾಲ್‌ನ ಚಿತ್ರ, ಕೆಳಗೆ ‘ಎಲ್ಲರೂ ಕೂಡಿ ಕುಳಿತ ಮನೆ’ ಎಂಬ ಬರಹ. ಹಾಲ್ ಹೇಗಿತ್ತೆಂದು ಮನೆಮನೆಗೆ ಹೋಗಿ ಕೇಳಿಕೊಂಡು ಬಾ ಎಂದು ಯಾಕೋಬಯ್ಯ ಶಿಷ್ಯನನ್ನು ಕಳಿಸಿದರು.

ದೇವರತ್ನ ಮೊದಲು ಮೇಲಿನ ಕೇರಿಗೆ ಹೋದ. ಸಭೆಗೆ ಮೊದಲು ಸೇರಿದ ಕುಟುಂಬಗಳು ಅಲ್ಲಿದ್ದವು. ಹಿರಿಯರಾದ ಯೋಸೇಫಪ್ಪನವರು ಅವನನ್ನು ಕೂರಿಸಿ, ಚಹಾ ಕೊಟ್ಟು, ತಮ್ಮ ಮದುವೆಯ ಊಟ ಅಲ್ಲೇ ಆಗಿದ್ದನ್ನು, ಕ್ರಿಸ್‌ಮಸ್ ನಾಟಕದಲ್ಲಿ ಕುರುಬನ ಗಡ್ಡ ಕಳಚಿ ಬಿದ್ದಿದ್ದನ್ನು ನಗುತ್ತ ಹೇಳಿದರು. ಹಾಲ್‌ಗೆ ರಸ್ತೆಯ ಕಡೆಗೆ ಒಂದು ದೊಡ್ಡ ಬಾಗಿಲಿತ್ತು ಎಂದರು.

ಕೆಳಗಿನ ಕೇರಿಯವರು ಸಭೆಗೆ ಆಮೇಲೆ ಬಂದವರು. ಅಲ್ಲಿ ಅವನಿಗೆ ಯಾರೂ ಚಹಾ ಕೊಡಲಿಲ್ಲ. ಎರಡು ಮನೆಗಳಲ್ಲಿ, ಗಂಡಸರು ಇಲ್ಲ, ಆಮೇಲೆ ಬಾ ಎಂದರು. ಒಳಗಿನಿಂದ ಗಂಡಸರ ಕೆಮ್ಮು ಕೇಳುತ್ತಿತ್ತು.

ಮಾರ್ಥಮ್ಮ ಎಂಬ ಮುದುಕಿ ಮಾತ್ರ ಸೊಪ್ಪು ಬಿಡಿಸುತ್ತ ಹೊರಗೇ ಕೂತಿದ್ದಳು.

“ಇಷ್ಟು ದಿನ ಯಾರೂ ಕೇಳಿರಲಿಲ್ಲ. ಈಗ ಯಾಕೆ ಕೇಳ್ತಿದ್ದೀಯ?” ಎಂದಳು.

ನೆನಪಿಗೆ ಎಂದು ದೇವರತ್ನ ಹೇಳಿದ. ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಬಾಗಿಲು ಹೊಳೆಯ ಕಡೆಗಿತ್ತು, ಸಣ್ಣದು, ತಲೆ ಬಗ್ಗಿಸಿ ಬರಬೇಕಿತ್ತು ಎಂದಷ್ಟೇ ಹೇಳಿ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಅವನು ಮತ್ತೆ ಎರಡೂ ಕೇರಿ ಸುತ್ತಿದ. ಮೇಲಿನವರೆಲ್ಲ ರಸ್ತೆಯ ಬಾಗಿಲೊಂದನ್ನೇ ಹೇಳಿದರು. ಕೆಳಗಿನವರಲ್ಲಿ ಬಾಯಿಬಿಟ್ಟವರೆಲ್ಲ ಹೊಳೆಯ ಬಾಗಿಲೊಂದನ್ನೇ ಹೇಳಿದರು.

ಯೋಸೇಫಪ್ಪನವರ ದನಿ ಈ ಸಲ ಬೇರೆಯಾಗಿತ್ತು. ನಿನ್ನೆ ಮಾರ್ಥಮ್ಮನ ಮನೆಗೆ ಹೋಗಿದ್ದೆಯಂತೆ ಎಂದು ಕೇಳಿದರು. ಆ ಜಾಗದ ಮೇಲೆ ಕೆಳಗಿನವರ ಕಣ್ಣಿದೆ, ಅವರ ಮಾತು ನಂಬಬೇಡ ಎಂದರು. ಕೆಳಗಿನ ಕೇರಿಯಲ್ಲಿ ಒಬ್ಬ, ನೀನು ಯೋಸೇಫಪ್ಪನ ಕಡೆಯವನು ಅಂತ ಗೊತ್ತು ಎಂದು ಮುಖಕ್ಕೇ ಹೇಳಿದ.

ದೇವರತ್ನನಿಗೆ ನಿದ್ದೆ ಹತ್ತಲಿಲ್ಲ. ಯಾರೋ ಸುಳ್ಳು ಹೇಳುತ್ತಿದ್ದಾರೆ ಅನ್ನಿಸಿತು. ಹಾಲ್‌ನ ಕೀಲಿ ಇಷ್ಟೂ ವರ್ಷ ಇದ್ದದ್ದು ಯಾಕೋಬಯ್ಯನವರ ಬಳಿ. ಅವರಿಗೆ ಗೊತ್ತಿರಲೇಬೇಕು. ಗೊತ್ತಿದ್ದೂ ತನ್ನನ್ನು ಯಾಕೆ ಅಲೆಸುತ್ತಿದ್ದಾರೆ?

ಬೆಳಗ್ಗೆ ಗುರುಗಳು ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದರು.

“ಗುರುಗಳೇ, ಸುಳ್ಳು ಹೇಳುತ್ತಿರುವವರು ಯಾರು?”

“ಎಲ್ಲರೂ ನಿಜವನ್ನೇ ಹೇಳಿದ್ದಾರೆ.”

“ಹಾಗಾದರೆ ನೀವು ನನ್ನಿಂದ ಏನೋ ಮುಚ್ಚಿಡುತ್ತಿದ್ದೀರಿ.”

“ಹೌದು,” ಎಂದರು ಯಾಕೋಬಯ್ಯ.

ಇಂಥ ಉತ್ತರವನ್ನು ಅವನು ನಿರೀಕ್ಷಿಸಿರಲಿಲ್ಲ. ಹಾಗಾದರೆ ನಿಮ್ಮನ್ನೂ ನಾನು ನಂಬುವುದು ಹೇಗೆ ಎಂದು ಕೇಳಿದ. ಗುರುಗಳು ಪಂಚೆಯ ಒಂದು ತುದಿಯನ್ನು ಅವನ ಕೈಗೆ ಕೊಟ್ಟು, ತಾವು ಇನ್ನೊಂದು ತುದಿ ಹಿಡಿದು ಹಿಂಡಿದರು.

“ಭಾನುವಾರದ ತನಕ ನಂಬಬೇಡ. ಆದರೆ ಯಾರ ಮೇಲೂ ತಪ್ಪು ಹೊರಿಸಬೇಡ.”

ಭಾನುವಾರ ಆರಾಧನೆ ಮುಗಿಯಿತು. ಜನರೆಲ್ಲ ಹಾಲ್ ಇದ್ದ ಜಾಗದ ಮುಂದೆ, ರಸ್ತೆಯಲ್ಲಿ ಬಂದು ನಿಂತರು. ಕಲ್ಲುಕುಟಿಗ ಕಲ್ಲು ಇಳಿಸಿ ಕಾಯುತ್ತಿದ್ದ. ಎರಡು ಕೇರಿಯವರೂ ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡುತ್ತಿದ್ದರು.

ಯಾಕೋಬಯ್ಯ ಹುಲ್ಲು ತುಳಿಯುತ್ತ ಹೋಗಿ, ವೇದಿಕೆ ಇದ್ದ ಕಡೆ ನಿಂತರು.

“ಎಲ್ಲರೂ ಒಳಗೆ ಬನ್ನಿ. ಮೊದಲು ಹೇಗೆ ಬರುತ್ತಿದ್ದಿರೋ ಹಾಗೆ ಬನ್ನಿ.”

ಯಾರೋ ನಕ್ಕರು. ಯೋಸೇಫಪ್ಪನವರು ರಸ್ತೆಯಿಂದ ನೇರವಾಗಿ ನೆಲದ ಮೇಲೆ ಕಾಲಿಟ್ಟರು. ಮೇಲಿನ ಕೇರಿಯವರೆಲ್ಲ ಅವರ ಹಿಂದೆ ಹೋಗಿ ಮುಂದಿನ ಸಾಲುಗಳಿದ್ದ ಕಡೆ ಕುಳಿತರು.

ಮಾರ್ಥಮ್ಮ ಇನ್ನೂ ರಸ್ತೆಯ ಅಂಚಿನಲ್ಲೇ ನಿಂತಿದ್ದಳು. ಒಂದು ಹೆಜ್ಜೆ ಇಟ್ಟಿದ್ದರೆ ಅವಳೂ ಒಳಗೆ ಬರುತ್ತಿದ್ದಳು. ಅವಳು ಹಾಗೆ ಮಾಡಲಿಲ್ಲ. ಕೋಲೂರಿಕೊಂಡು ಇಲ್ಲದ ಗೋಡೆಯನ್ನು ಬಳಸಿ, ಜಾಲಿ ಗಿಡಗಳ ಪಕ್ಕದಿಂದ ಹೊಳೆಯ ಕಡೆಗೆ ನಡೆದಳು. ಕೆಳಗಿನ ಕೇರಿಯವರು ಒಬ್ಬೊಬ್ಬರಾಗಿ ಅವಳ ಹಿಂದೆ ಹೋದರು. ಅಲ್ಲಿ ಅವಳು ತಲೆ ಬಗ್ಗಿಸಿ ಒಳಗೆ ಬಂದಳು. ಉಳಿದವರೂ ತಲೆ ಬಗ್ಗಿಸಿದರು. ಹಿಂದೆ, ತಾವು ಮೊದಲು ಕೂರುತ್ತಿದ್ದ ಕಡೆ ಕುಳಿತರು.

ನಡುವೆ ಹುಲ್ಲಿನ ಒಂದು ಪಟ್ಟಿ ಖಾಲಿ ಉಳಿಯಿತು.

ಯೋಸೇಫಪ್ಪನವರು ಹಿಂದೆ ತಿರುಗಿದರು.

“ಆ ಬಾಗಿಲು ನಮಗೆ ನೆನಪೇ ಇರಲಿಲ್ಲ, ಮಾರ್ಥಮ್ಮ.”

“ನಮಗೆ ನಿಮ್ಮ ಬಾಗಿಲು ನೆನಪಿತ್ತು,” ಎಂದಳು ಅವಳು. “ಅದು ನಮ್ಮದಲ್ಲವಲ್ಲ, ಅದಕ್ಕೇ ಹೇಳಲಿಲ್ಲ.”

ಯೋಸೇಫಪ್ಪನವರು ತಲೆ ತಗ್ಗಿಸಿದರು. ದೇವರತ್ನ ಗುರುಗಳ ಹತ್ತಿರ ಹೋದ. ಅವನ ದನಿಯಲ್ಲಿ ಸಿಟ್ಟಿತ್ತು.

“ನಿಮಗೆ ಇದೆಲ್ಲ ಗೊತ್ತಿತ್ತು.”

“ಪ್ರತಿ ಭಾನುವಾರ ಎರಡೂ ಬಾಗಿಲ ಬೀಗ ತೆಗೆಯುತ್ತಿದ್ದವನು ನಾನೇ,” ಎಂದರು ಯಾಕೋಬಯ್ಯ.

ಕಲ್ಲುಕುಟಿಗ ಎದ್ದು ಬಂದ. ಹೊತ್ತಾಯಿತು, ಏನು ಕೆತ್ತಲಿ ಎಂದು ಕೇಳಿದ. ದೇವರತ್ನ ಗುರುಗಳ ಮುಖ ನೋಡಿದ.

“ಒಂದು ಬಾಗಿಲು ಕೆತ್ತಿಸಲೋ, ಎರಡೋ?”

ಯಾಕೋಬಯ್ಯ ಕುಳಿತಿದ್ದ ಜನರನ್ನೇ ನೋಡುತ್ತಿದ್ದರು.

“ಈಗ ಎಲ್ಲರೂ ಮನೆಗೆ ಹೋಗಲು ಏಳುತ್ತಾರೆ. ಯಾರು ಯಾವ ಕಡೆಯಿಂದ ಹೊರಗೆ ಹೋಗುತ್ತಾರೆ ನೋಡು. ಆಮೇಲೆ ಕೆತ್ತಿಸು.”