ಜೇಡ ಹಾರಿದ ಜಾಗ

ತರ್ಕಶಾಸ್ತ್ರದ ಸಮ್ಮೇಳನಕ್ಕೆ ಪ್ರಬಂಧ ಒಪ್ಪಿಸಲು ಅಂದು ಹೊತ್ತು ಮುಳುಗುವವರೆಗೆ ಗಡುವಿತ್ತು. ಜೇಡ ತನ್ನ ರುಜುವಾತನ್ನು ಈ ಕೊಂಬೆಯಿಂದ ಆ ಕೊಂಬೆಗೆ ಎಳೆ ಎಳೆಯಾಗಿ ನೇಯ್ದು, ಪರೀಕ್ಷಕ ಇರುವೆಯನ್ನು ಹೆಮ್ಮೆಯಿಂದ ಕರೆಯಿತು. ಇರುವೆ ಒಂದೊಂದೇ ಎಳೆಯ ಮೇಲೆ ಕಾಲಿಟ್ಟು ನಡೆದು, ಅರ್ಧಕ್ಕೆ ನಿಂತುಬಿಟ್ಟಿತು.

"ಸ್ವಾಮಿ, ಇಲ್ಲಿ ಎಳೆಯೇ ಇಲ್ಲವಲ್ಲ?"

ಜೇಡಕ್ಕೆ ರೇಗಿತು. "ಅಷ್ಟು ಸ್ಪಷ್ಟವಾದದ್ದನ್ನೂ ನೇಯಬೇಕೇ? ಹತ್ತು ದಿನದಿಂದ ನಾನು ದಾಟುತ್ತಲೇ ಇದ್ದೇನೆ!"

"ಹೇಗೆ ದಾಟುತ್ತೀರಿ, ತೋರಿಸಿ."

ಜೇಡ ಛಂಗನೆ ಆಚೆಗೆ ಹಾರಿತು. "ನೋಡಿದಿರಾ?"

"ನೋಡಿದೆ. ಈಗ ಹಾರದೆ, ನಡೆದುಕೊಂಡು ಈಚೆಗೆ ಬನ್ನಿ."

ಜೇಡ ಕಾಲೆತ್ತಿತು. ಎಂಟು ಕಾಲಿದ್ದರೂ ಒಂದನ್ನಾದರೂ ಊರಲು ಅಲ್ಲಿ ಜಾಗವಿರಲಿಲ್ಲ. ಹೊತ್ತು ಮುಳುಗುತ್ತಿತ್ತು.

"ಮುಂದಿನ ವರ್ಷದ ಗಡುವು ಯಾವತ್ತು?" ಎಂದು ಅದು ಮೆಲ್ಲಗೆ ಕೇಳಿತು.